ಹಿಂದೆ ಡಿಸ್ಕು, ಮುಂದೆ ರಿಸ್ಕು!

ಈ ಬ್ಲಾಗಿನಲ್ಲಿ ಕಾರಿನ ರಿಪೇರಿ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಕವಿತೆ ಓದೋಕೆ ಬರ್ತಾರೆ, ಇನ್ನರ್ಧ ಜನ ಊರಿನ ನೆನಪು ಓದೋಕೆ ಬರ್ತಾರೆ. ಅವರೆದುರು ಬ್ರೇಕ್ ಶೂ, ವ್ಹೀಲ್ ಸಿಲಿಂಡರ್ ಅಂತ ಶುರು ಮಾಡಿದರೆ ಮತ್ತೆ ಈ ಕಡೆ ತಲೆ ಹಾಕಲಿಕ್ಕಿಲ್ಲ :-) ಆದರೆ ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿ, "ಮಾವನ ಹಳೇ ಅಂಬಾಸಿಡರ್ ರೆಡಿ ಮಾಡಿಸ್ತಾ ಇದ್ದೀನಿ ಮಾರಾಯ. ಹಿಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸ್ತೀನಿ. ಸೇಫ್ಟಿ ಮುಖ್ಯ ನೋಡು" ಅಂದ. ಮುಕ್ಕಾಲು ಗಂಟೆ ಅವನಿಗೆ ಬೈದೆ. ಬೈದದ್ದು ಸಾಲಲಿಲ್ಲ ಅನ್ನಿಸಿ ಈಗ ನಿಮ್ಮ ತಲೆ ತಿನ್ನಲು ಕೂತಿದ್ದೇನೆ.

ನೇರವಾಗಿ ಹೇಳಿಬಿಡ್ತೀನಿ. ಹಳೇ ಕಾರಿನ ಹಿಂದಿನ ಚಕ್ರದ ಡ್ರಮ್ ಕಿತ್ತು ಡಿಸ್ಕ್ ಹಾಕಿಸೋದು ಬಹುಪಾಲು ಶೋಕಿ. ಶೋಕಿ ಮಾಡಲಿ, ನನ್ನದೇನೂ ತಕರಾರಿಲ್ಲ. ಕಾರಿಗೆ ನವಿಲುಗರಿ ಬೇಕಾದರೂ ಅಂಟಿಸಿಕೊಳ್ಳಲಿ. ಆದರೆ ಅದನ್ನು "ಸುರಕ್ಷತೆ" ಅಂತ ಕರೆಯಬೇಡಿ. ಅರೆಬರೆ ಮಾಡಿಸಿದರೆ ಅದು ಸುರಕ್ಷತೆಯಲ್ಲ, ಅಪಾಯ. ಈ ಮಾತು ಹೇಳುವ ಅಧಿಕಾರ ನನಗೆ ಹೇಗೆ ಬಂತು ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಅದೂ ಅಪ್ಪನ ಕಾರಿಗೆ.

ಮೊದಲು, ಬ್ರೇಕ್ ಅಂದರೆ ಕಾಲಿನ ಕೆಳಗಿರೋ ಪೆಡಲ್ ಅಷ್ಟೇ ಅಂತ ತಿಳಿದವರಿಗೆ ಎರಡು ಮಾತು. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಒಂದು ಕಬ್ಬಿಣದ ಬೋಗುಣಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲ್ ಒತ್ತಿದಾಗ ಅವು ಅಗಲಗೊಂಡು ಬೋಗುಣಿಯ ಒಳಗೋಡೆಗೆ ಉಜ್ಜುತ್ತವೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ. ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಇಕ್ಕಳದ ಹಾಗೆ ಹಿಡಿಯುತ್ತವೆ. ಸೈಕಲ್ಲಿನ ರಿಮ್ಮನ್ನು ರಬ್ಬರ್ ಕಟ್ಟೆಗಳು ಹಿಡಿಯೋದು ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಹಾಗೇ. ತಟ್ಟೆ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತೆ, ನೀರು ಬಿದ್ದರೂ ಬೇಗ ಒಣಗುತ್ತೆ. ಬೋಗುಣಿಯೊಳಗೆ ಬಿಸಿ ಕೂತಿರುತ್ತೆ, ನೀರೂ ಕೂತಿರುತ್ತೆ. ಡಿಸ್ಕ್ ಒಳ್ಳೆಯ ವಸ್ತು ಅನ್ನೋದರಲ್ಲಿ ಎರಡು ಮಾತಿಲ್ಲ. 1953ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನು ಜಾಗ್ವಾರ್ ಸಿ-ಟೈಪ್ ಡಿಸ್ಕ್ ಬ್ರೇಕ್ ಹಾಕಿಕೊಂಡೇ ಗೆದ್ದಿದ್ದು.

ಆದರೆ ಆ ಗೆಲುವಾಗಿ ಎರಡು ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಕಂಪನಿ ತನ್ನ ಡಿಎಸ್ ಕಾರಿಗೆ ಡಿಸ್ಕ್ ಹಾಕಿದಾಗ ಎಲ್ಲಿ ಹಾಕಿತು? ಮುಂದಿನ ಚಕ್ರಕ್ಕೆ. ಹಿಂದೆ ಡ್ರಮ್ಮೇ ಇತ್ತು. ನಮ್ಮ ಮಾರುತಿ 800 ಕೂಡ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟುಕೊಂಡೇ ದೇಶವೆಲ್ಲ ಓಡಿತು. ಅಂಬಾಸಿಡರ್‌ನ ಕೊನೆಕೊನೆಯ ಮಾಡೆಲ್‌ಗಳಿಗೆ ಮುಂದೆ ಡಿಸ್ಕ್ ಬಂತು. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವವರೆಗೂ ಹಿಂದೆ ಡ್ರಮ್ಮೇ. ಇವರೆಲ್ಲ ಜಿಪುಣತನಕ್ಕೆ ಹಾಗೆ ಮಾಡಿದರು ಅಂತೀರಾ? ಸ್ವಲ್ಪ ಇರಬಹುದು. ಆದರೆ ಮುಖ್ಯ ಕಾರಣ ಬೇರೆ. ಅದಕ್ಕೆ ಬರ್ತೀನಿ.

ನನ್ನ ಕಥೆ ಕೇಳಿ. ಅಪ್ಪನದು 1972ರ ಮಾರ್ಕ್ 2 ಅಂಬಾಸಿಡರ್. ಮೂಡಿಗೆರೆ ಕಡೆಯ ನಮ್ಮೂರಿನಲ್ಲಿ ನನ್ನ ಅತ್ತೆಯರ ಮದುವೆ, ನನ್ನ ತಂಗಿಯ ಹೆರಿಗೆ, ಕಾಫಿ ಮೂಟೆ, ಗೊಬ್ಬರದ ಮೂಟೆ ಎಲ್ಲಾ ಕಂಡ ಗಾಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ, ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಲೈನು. ಬ್ರೇಕ್ ಸ್ವಲ್ಪ ಎಳೀತಿತ್ತು, ಪೆಡಲ್ ಒಮ್ಮೊಮ್ಮೆ ಎರಡು ಸಲ ತುಳಿಯಬೇಕಿತ್ತು. ಬೆಂಗಳೂರಿನಲ್ಲಿ ನಾಲ್ಕು ಕಾಸು ದುಡಿಯೋ ಮಗ ನಾನು. ಅಪ್ಪನಿಗೆ ಒಂದು ಉಪಕಾರ ಮಾಡೋಣ ಅಂತ ಗಾಡಿಯನ್ನು ಬೆಂಗಳೂರಿಗೆ ತಂದು, ಹಳೇ ಕಾರುಗಳನ್ನು ಹೊಸದು ಮಾಡಿಕೊಡುವ ಒಂದು ಗ್ಯಾರೇಜಿಗೆ ಬಿಟ್ಟೆ. "ಸರ್, ಡ್ರಮ್ ಎಲ್ಲಾ ಓಲ್ಡು. ಡಿಸ್ಕ್ ಹಾಕ್ಸಿ, ಬ್ರೇಕ್ ಡಬಲ್ ಆಗುತ್ತೆ" ಅಂದರು. ನಾನು ಎಂಜಿನಿಯರಿಂಗ್ ಓದಿದವನು. ಡಬಲ್ ಹೇಗಾಗುತ್ತೆ ಅಂತ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಹೊಳೆಯುವ ತಟ್ಟೆ ನೋಡಿ ಮರುಳಾದೆ.

ಹಿಂದಿನ ಆಕ್ಸಲ್‌ಗೆ ಬ್ರಾಕೆಟ್ ಮಾಡಿ, ಇನ್ಯಾವುದೋ ಕಾರಿನ ಕ್ಯಾಲಿಪರ್ ಕೂರಿಸೋದು ಅವರಿಗೆ ಸುಲಭ. ಮುಂದಿನದಕ್ಕೆ ಲೇತ್ ಕೆಲಸ ಜಾಸ್ತಿ. ಹಾಗಾಗಿ "ಹಿಂದಿನದು ಮಾಡಿಕೊಡ್ತೀವಿ, ಮುಂದಿನದಕ್ಕೆ ಪಾರ್ಟ್ ಬರಬೇಕು, ಎರಡು ತಿಂಗಳು ಬಿಟ್ಟು ಬನ್ನಿ" ಅಂದರು. ಅಂದರೆ ಮುಂದೆ ಐವತ್ತು ವರ್ಷದ ಡ್ರಮ್, ಹಿಂದೆ ಹೊಸ ಡಿಸ್ಕ್. ಅಂಬಾಸಿಡರ್‌ನ ಚಕ್ರಕ್ಕೆ ಹಬ್ ಕ್ಯಾಪ್ ಮುಚ್ಚಿದರೆ ಡಿಸ್ಕ್ ಯಾರಿಗೂ ಕಾಣೋದೇ ಇಲ್ಲ ಅಂತ ಅಲಾಯ್ ವ್ಹೀಲ್ ಬೇರೆ ಹಾಕಿಸಿದೆ. ಶೋಕಿ ಅಂತ ಸುಮ್ಮನೆ ಹೇಳಲಿಲ್ಲ ನಾನು!

ಮೊದಲ ವಾರವೇ ಹಿಂದಿನ ಚಕ್ರ ಮುಟ್ಟಿದರೆ ಸುಡುತ್ತಿತ್ತು. ಯಾಕೆ ಗೊತ್ತಾ? ಡ್ರಮ್ ಬ್ರೇಕಿನ ಲೈನಿನಲ್ಲಿ ಪೆಡಲ್ ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಯಲಿ ಅಂತ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದು ವಾಲ್ವ್ ಇಟ್ಟಿರುತ್ತಾರೆ. ಶೂಗಳನ್ನು ಹಿಂದಕ್ಕೆಳೆಯೋಕೆ ಬಲವಾದ ಸ್ಪ್ರಿಂಗ್ ಇರುವುದರಿಂದ ಡ್ರಮ್ಮಿಗೆ ಅದರಿಂದ ತೊಂದರೆಯಿಲ್ಲ. ಡಿಸ್ಕಿನ ಪ್ಯಾಡಿಗೆ ಅಂಥ ಸ್ಪ್ರಿಂಗ್ ಇಲ್ಲ, ಅದು ಸದಾ ಉಜ್ಜುತ್ತಲೇ ಇರುತ್ತೆ. ಮತ್ತೆ ಗ್ಯಾರೇಜಿಗೆ ಹೋದೆ. ಅವರು ಆ ವಾಲ್ವನ್ನೇ ಕಿತ್ತುಹಾಕಿದರು. ಹಿಂದಿನ ಚಕ್ರ ತಣ್ಣಗಾಯಿತು. ಆದರೆ ಮುಂದಿನ ಡ್ರಮ್‌ಗಳ ಒತ್ತಡವೂ ಹೋಯಿತು, ಪೆಡಲ್ ಮೊದಲಿಗಿಂತ ಕೆಳಗೆ ಹೋಗತೊಡಗಿತು. ಒಂದೇ ಲೈನಿನ ಗಾಡಿಯಲ್ಲಿ ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಹರಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇನ್ನು ಹ್ಯಾಂಡ್‌ಬ್ರೇಕು. ಅಂಬಾಸಿಡರ್‌ನಲ್ಲಿ ಅದು ಹಿಂದಿನ ಡ್ರಮ್ಮಿನ ಶೂಗಳನ್ನೇ ಎಳೆಯುವಂಥದ್ದು. ಡ್ರಮ್ಮೇ ಹೋದ ಮೇಲೆ ಎಳೆಯೋದು ಏನನ್ನು? ಅವರು ಹಾಕಿದ ಕ್ಯಾಲಿಪರ್‌ಗೆ ಹ್ಯಾಂಡ್‌ಬ್ರೇಕಿನ ವ್ಯವಸ್ಥೆಯೇ ಇರಲಿಲ್ಲ. ಕೇಬಲನ್ನು ಚೆನ್ನಾಗಿ ಸುತ್ತಿ ಅಡಿಯಲ್ಲಿ ಕಟ್ಟಿಹಾಕಿದ್ದರು. "ಗೇರಲ್ಲಿ ಬಿಡಿ ಸರ್, ಎಲ್ಲೂ ಹೋಗಲ್ಲ" ಅಂತ ಉಪದೇಶ ಬೇರೆ.

ಆ ಜುಲೈನಲ್ಲಿ ಅಪ್ಪ, ಅಮ್ಮ, ನನ್ನ ಮಗಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ರಸ್ತೆ ಸ್ವಲ್ಪ ಇಳಿಜಾರಿತ್ತು. ಅಪ್ಪ ಹ್ಯಾಂಡ್‌ಬ್ರೇಕ್ ಎಳೆದು ನೋಡಿದರು, ಸಡಿಲ. ಏನೂ ಮಾತಾಡದೆ ಕೆಳಗಿಳಿದು, ಮಳೆಯಲ್ಲೇ ಒಂದು ಕಲ್ಲು ಹುಡುಕಿ ತಂದು ಚಕ್ರಕ್ಕೆ ಕೊಟ್ಟರು. ಆಮೇಲೆ ಅಂದರು, "ಇಷ್ಟು ದುಡ್ಡು ಕೊಟ್ಟು ಕಲ್ಲು ಇಡೋ ಹಂಗೆ ಮಾಡಿಸ್ಕೊಂಡು ಬಂದ್ಯಲ್ಲ ಮಾರಾಯ?" ನಾನು ನಗಲು ನೋಡಿದೆ, ಅವರು ನಗಲಿಲ್ಲ.

ಚಾರ್ಮಾಡಿ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಗುಡ್ಡದ ನೀರು ರಸ್ತೆ ಮೇಲೆಯೇ ಹರೀತಿರುತ್ತೆ. ಅಂಥ ನೀರಿನಲ್ಲಿ ಎರಡು ಮೂರು ಸಲ ಇಳಿದು ಹತ್ತಿದ ಮೇಲೆ ತಿರುವಿನಲ್ಲಿ ಎದುರಿನಿಂದ ಒಂದು ಬಸ್ಸು ಬಂತು. ನಾನು ಎರಡನೇ ಗೇರಿನಲ್ಲೇ ಇದ್ದೆ, ವೇಗವೇನೂ ಇರಲಿಲ್ಲ. ಬ್ರೇಕ್ ಒತ್ತಿದೆ. ಮೂತಿ ನಿಲ್ಲಲಿಲ್ಲ, ಹಿಂಭಾಗ ಬಂದು ಪಕ್ಕಕ್ಕೆ ಹೊರಳಿತು. ಗಾಡಿ ಅಡ್ಡಡ್ಡ ಜಾರಿ, ಹಿಂದಿನ ಮೂಲೆ ತಡೆಗೋಡೆಗೆ ಬಡಿದು ನಿಂತಿತು. ಅಮ್ಮ ಮತ್ತು ಮಗಳು ಕೂತಿದ್ದು ಹಿಂದಿನ ಸೀಟಿನಲ್ಲಿ. ಗೋಡೆಯ ಆಚೆ ಏನಿತ್ತು ಅಂತ ಬರೆಯೋದಿಲ್ಲ, ಈಗಲೂ ರಾತ್ರಿ ನೆನಪಾಗುತ್ತೆ. ಯಾರಿಗೂ ಗಾಯವಾಗಲಿಲ್ಲ. ಮಗಳು ಅಳಲೂ ಇಲ್ಲ, ಅಜ್ಜಿಯ ಸೆರಗು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಊರಿಗೆ ವಾಪಸು ಬಂದ ಮೇಲೆ, ಬಿಸಿಲು ಬಂದ ಒಂದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಪರೀಕ್ಷೆ ಮಾಡಿದೆ. ನಾನು ನಲವತ್ತರ ವೇಗದಲ್ಲಿ ಬಂದು ಬ್ರೇಕ್ ಒತ್ತೋದು, ಅಪ್ಪ ರಸ್ತೆ ಬದಿ ನಿಂತು ನೋಡೋದು. ಪ್ರತಿ ಸಲವೂ ಹಿಂದಿನ ಚಕ್ರಗಳೇ ಮೊದಲು ಬಿಗಿದು ನಿಂತವು. ರಸ್ತೆ ಮೇಲೆ ಹಿಂದಿನ ಟೈರುಗಳ ಎರಡು ಕರೀ ಗೆರೆ. ಮುಂದಿನದು ಇನ್ನೂ ತಿರುಗುತ್ತಲೇ ಇತ್ತು.

ಇಲ್ಲೇ ಇರೋದು ವಿಷಯ. ಚಿಕ್ಕವರಿದ್ದಾಗ ಸೈಕಲ್ಲಿನ ಹಿಂದಿನ ಬ್ರೇಕ್ ಜೋರಾಗಿ ಹಿಡಿದು, "ಕಿರ್ರ್" ಅಂತ ಹಿಂದಿನ ಚಕ್ರ ಜಾರಿಸಿ, ಸೈಕಲ್ಲನ್ನು ಅಡ್ಡ ತಿರುಗಿಸಿ ನಿಲ್ಲಿಸ್ತಿದ್ವಿ ನೆನಪಿದೆಯಾ? ಕಾರೂ ಹಾಗೇ. ಮುಂದಿನ ಚಕ್ರ ಬಿಗಿದರೆ ಸ್ಟೇರಿಂಗ್ ಕೆಲಸ ಮಾಡಲ್ಲ ನಿಜ, ಆದರೆ ಗಾಡಿ ನೇರ ಹೋಗುತ್ತೆ. ಕಾಲು ಸ್ವಲ್ಪ ಸಡಿಲಿಸಿದರೆ ಮತ್ತೆ ಹಿಡಿತಕ್ಕೆ ಬರುತ್ತೆ. ಹಿಂದಿನ ಚಕ್ರ ಮೊದಲು ಬಿಗಿದರೆ ಗಾಡಿ ಬುಗುರಿಯಾಗುತ್ತೆ.

ಒಂದು ಚಿಕ್ಕ ಲೆಕ್ಕ ಹಾಕೋಣ. ಅಂಬಾಸಿಡರ್ ಸುಮಾರು 1100 ಕೆ.ಜಿ., ನಾಲ್ಕು ಜನ ಸಾಮಾನು ಸೇರಿ 1400 ಅಂದುಕೊಳ್ಳಿ. ನಿಂತಾಗ ಹಿಂದೆ ಮುಂದೆ 700-700 ಇರಲಿ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ಮೂತಿ ಬಾಗುತ್ತೆ, ಭಾರ ಮುಂದಕ್ಕೆ ಬರುತ್ತೆ. ಗಾಡಿಯ ತೂಕದ ಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರ, ಚಕ್ರಗಳ ನಡುವಿನ ದೂರ 246 ಸೆಂ.ಮೀ., ಬ್ರೇಕಿನ ಬಲ ತೂಕದ 0.7 ಪಾಲು ಅಂತ ಹಿಡಿದರೆ, ಸುಮಾರು 240 ಕೆ.ಜಿ. ಮುಂದಕ್ಕೆ ಹೋಗುತ್ತೆ. ಮುಂದೆ 940, ಹಿಂದೆ 460. ಅಂದರೆ ಹಿಂದಿನ ಚಕ್ರಗಳು ನೆಲವನ್ನು ಹಿಡಿದಿರೋದೇ ಮೂರನೇ ಒಂದು ಪಾಲು ಶಕ್ತಿಯಿಂದ. ಘಾಟಿಯ ಇಳಿಜಾರಿನಲ್ಲಿ ಇನ್ನೂ ಕಡಿಮೆ. ಅಷ್ಟು ಹಗುರವಾಗಿ ನೆಲ ಮುಟ್ಟುವ ಚಕ್ರಕ್ಕೆ ಎಷ್ಟು ದೊಡ್ಡ ಬ್ರೇಕ್ ಹಾಕಿ ಏನು ಪ್ರಯೋಜನ? ಗಾಡಿ ನಿಲ್ಲಿಸೋದು ಕೊನೆಗೆ ಡಿಸ್ಕೂ ಅಲ್ಲ ಡ್ರಮ್ಮೂ ಅಲ್ಲ, ಟೈರು. ಡ್ರಮ್ ಬ್ರೇಕೇ ಚಕ್ರವನ್ನು ಬಿಗಿದು ನಿಲ್ಲಿಸುವಷ್ಟು ಬಲ ಹೊಂದಿದ್ದರೆ, ಅದಕ್ಕಿಂತ ಹೆಚ್ಚಿನ ಬಲ ಜಾರೋಕೆ ಮಾತ್ರ ಉಪಯೋಗ.

ಕಾರು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಮುಂದಿನ ಬ್ರೇಕಿಗೆ ಹೆಚ್ಚು, ಹಿಂದಿನದಕ್ಕೆ ಕಡಿಮೆ ಬಲ ಹೋಗುವ ಹಾಗೆ ಸಿಲಿಂಡರುಗಳ ಅಳತೆ ಲೆಕ್ಕ ಹಾಕಿ ಇಟ್ಟಿದ್ದರು. ನಾನು ದುಡ್ಡು ಕೊಟ್ಟು ಆ ಲೆಕ್ಕವನ್ನು ತಲೆಕೆಳಗು ಮಾಡಿಸಿದೆ. ಚಾರ್ಮಾಡಿಯಲ್ಲಿ ನೀರು ಕುಡಿದ ಮುಂದಿನ ಡ್ರಮ್‌ಗಳು ಹಿಡಿಯಲಿಲ್ಲ, ಬೇಗ ಒಣಗಿದ ಹಿಂದಿನ ಡಿಸ್ಕ್‌ಗಳು ಕಚ್ಚಿಕೊಂಡವು. ಡಿಸ್ಕಿನ ಒಳ್ಳೆಯ ಗುಣವೇ ಅಲ್ಲಿ ನಮಗೆ ಮುಳುವಾಯಿತು.

ಈಗ ಡಿಸ್ಕ್ ಪಕ್ಷದವರ ವಾದಗಳು. ಒಂದೊಂದಾಗಿ ನೋಡೋಣ.

"ಈಗಿನ ಕಾರುಗಳಲ್ಲಿ ನಾಲ್ಕಕ್ಕೂ ಡಿಸ್ಕ್ ಇರುತ್ತಲ್ಲ?" ಇರುತ್ತೆ, ಕೆಲವದರಲ್ಲಿ. ಆದರೆ ಅವುಗಳಲ್ಲಿ ಎಬಿಎಸ್ ಇದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಯಾವ ಚಕ್ರ ಜಾರುತ್ತಿದೆ ಅಂತ ಕ್ಷಣಕ್ಷಣಕ್ಕೂ ನೋಡಿ ಒತ್ತಡ ಹಂಚುವ ಮಿದುಳು ಅದು. 1972ರ ಅಂಬಾಸಿಡರ್‌ನಲ್ಲಿ ಆ ಮಿದುಳು ಡ್ರೈವರ್‌ದು. ನನ್ನಂಥವನು ಡ್ರೈವರ್ ಆದರೆ ಅದೂ ಇಲ್ಲ. ಇನ್ನೊಂದು ತಮಾಷೆ ಕೇಳಿ. ಫೋಕ್ಸ್‌ವ್ಯಾಗನ್ ಕಂಪನಿ 2020ರಲ್ಲಿ ತಂದ ಐಡಿ.4 ಅನ್ನೋ ಎಲೆಕ್ಟ್ರಿಕ್ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಹಾಕಿದೆ! ಎಲೆಕ್ಟ್ರಿಕ್ ಕಾರಿನ ಮೋಟಾರೇ ವೇಗ ಇಳಿಸುವುದರಿಂದ ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ. ಬಳಸದ ಡಿಸ್ಕ್ ತುಕ್ಕು ಹಿಡಿಯುತ್ತೆ, ಮುಚ್ಚಿದ ಡ್ರಮ್ ಹಿಡಿಯಲ್ಲ. ಡ್ರಮ್ ಅಂದರೆ ಅಜ್ಜನ ಕಾಲದ್ದು ಅಂತ ಮೂಗು ಮುರಿಯೋರು ಇದಕ್ಕೆ ಏನಂತಾರೆ?

"ಘಾಟಿ ಇಳಿಯುವಾಗ ಡ್ರಮ್ ಬಿಸಿಯಾಗಿ ಬ್ರೇಕ್ ಹಿಡಿಯಲ್ಲ." ನಿಜ. ಆದರೆ ಬಿಸಿಯ ಹೆಚ್ಚಿನ ಪಾಲು ಬೀಳೋದು ಮುಂದಿನ ಬ್ರೇಕಿನ ಮೇಲೆ. ಹಾಗಾಗಿ ಅದು ಮುಂದೆ ಡಿಸ್ಕ್ ಹಾಕಿಸೋಕೆ ವಾದ, ಹಿಂದೆ ಹಾಕಿಸೋಕೆ ಅಲ್ಲ. ಮತ್ತೆ, ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನೋ ಹಳಬರ ಪಾಠವನ್ನು ಯಾವ ಡಿಸ್ಕೂ ಸುಳ್ಳು ಮಾಡಿಲ್ಲ.

"ಪೆಡಲ್ ಹಗುರ ಆಗುತ್ತೆ." ಉಲ್ಟಾ! ಡ್ರಮ್ಮಿನಲ್ಲಿ ಚಕ್ರ ತಿರುಗುವ ಬಲವೇ ಒಂದು ಶೂವನ್ನು ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತುತ್ತೆ. ಬೂಸ್ಟರ್ ಇಲ್ಲದ ಕಾಲದಲ್ಲಿ ಬರೀ ಕಾಲಿನ ಬಲದಿಂದ ಇಂಥ ಭಾರದ ಗಾಡಿ ನಿಲ್ಲುತ್ತಿದ್ದದ್ದು ಈ ಗುಟ್ಟಿನಿಂದಲೇ. ಡಿಸ್ಕಿಗೆ ಈ ಸಹಾಯವಿಲ್ಲ. ಅದಕ್ಕೆ ದೊಡ್ಡ ಪಿಸ್ಟನ್ ಬೇಕು ಅಥವಾ ಬೂಸ್ಟರ್ ಬೇಕು. ಪಿಸ್ಟನ್ ದೊಡ್ಡದಾದರೆ ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್ ಬೇಕು. ಒಂದು ತಂತಿ ಎಳೆದರೆ ಇಡೀ ಬಲೆ ಬರುತ್ತೆ.

"ಪಾರ್ಟ್ಸ್ ಸಿಗಲ್ಲ." ಇದೊಂದೇ ನನಗೆ ಮರ್ಯಾದಸ್ಥ ವಾದ ಅನ್ನಿಸೋದು. ಕಂಪನಿ ಬಾಗಿಲು ಮುಚ್ಚಿದ ಮೇಲೆ ಹುಡುಕಾಟ ಕಷ್ಟವೇ. ಆದರೆ ಜೆ.ಸಿ. ರಸ್ತೆಯ ಸಂದಿಗಳಲ್ಲಿ ಒಂದು ದಿನ ಕಾಲು ಸವೆಸಿ ನೋಡಿ. ಹಳೇ ಶೂಗೆ ಹೊಸ ಲೈನಿಂಗ್ ರಿವೆಟ್ ಹೊಡೆದು ಕೊಡುವ ಕೈಗಳು ಇನ್ನೂ ಇವೆ. ಸವೆದ ಸಿಲಿಂಡರಿಗೆ ಸ್ಲೀವ್ ಹಾಕಿಸಬಹುದು. ನಾವು ಕೆಲಸ ಕೊಡದೇ ಇದ್ದರೆ ಮಾತ್ರ ಆ ಕೈಗಳು ನಾಳೆ ಇರೋದಿಲ್ಲ.

ಹಾಗಾದರೆ ಹಳೇ ಕಾರಿನ ಬ್ರೇಕಿಗೆ ಏನು ಮಾಡಬೇಕು? ಫೋಟೋ ತೆಗೆದು ಹಾಕೋಕೆ ಆಗದಂಥ ಕೆಲಸಗಳನ್ನು ಮೊದಲು ಮಾಡಿಸಿ. ಟೈರು ಹಳತಾಗಿದ್ದರೆ ಬದಲಿಸಿ, ಥ್ರೆಡ್ ಚೆನ್ನಾಗಿದ್ದರೂ ಸರಿ. ರಬ್ಬರ್ ಹೋಸ್‌ಗಳನ್ನು ಬದಲಿಸಿ, ಹೊರಗೆ ಚಂದ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಿ. ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಕುದಿದರೆ ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಡ್ರಮ್ ಲೇತ್‌ನಲ್ಲಿ ಸರಿ ಮಾಡಿಸಿ, ಶೂ ಟೈಟ್ ಮಾಡಿಸಿ. ಒಂದು ಎಚ್ಚರಿಕೆ: ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಅದರ ಪುಡಿ ಕ್ಯಾನ್ಸರ್ ತರುವಂಥದ್ದು. ಮೆಕ್ಯಾನಿಕ್ ಹುಡುಗ ಗಾಳಿ ಹೊಡೆದು ಕ್ಲೀನ್ ಮಾಡಲು ಹೊರಟರೆ ತಡೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಇಷ್ಟೂ ಆದ ಮೇಲೂ ದುಡ್ಡು ಉಳಿದರೆ ಒಂದು ಲೈನನ್ನು ಎರಡು ಮಾಡಿಸಿ, ಒಂದು ಒಡೆದರೂ ಇನ್ನೊಂದು ಇರಲಿ. ಆಮೇಲೆ ಮುಂದೆ ಡಿಸ್ಕ್, ಬೂಸ್ಟರ್ ಸಮೇತ, ಗೊತ್ತಿದ್ದವರ ಕೈಯಲ್ಲಿ. ಹಿಂದಿನದು ಎಲ್ಲಕ್ಕಿಂತ ಕೊನೆಗೆ. ಅದೂ ದೊಡ್ಡ ಎಂಜಿನ್ ಹಾಕಿದವರು, ರೇಸಿಗೆ ಹೋಗುವವರು, ಹಿಂದಿನ ಲೈನಿನ ಒತ್ತಡ ಇಳಿಸುವ ವಾಲ್ವ್ ಮತ್ತು ಹ್ಯಾಂಡ್‌ಬ್ರೇಕ್ ಇರುವ ಕ್ಯಾಲಿಪರ್ ಹಾಕಿಸಿ, ಖಾಲಿ ರಸ್ತೆಯಲ್ಲಿ ಯಾವ ಚಕ್ರ ಮೊದಲು ಬಿಗಿಯುತ್ತೆ ಅಂತ ಪರೀಕ್ಷಿಸುವ ತಾಳ್ಮೆ ಇರುವವರು. ಅಂಥವರ ಮೇಲೆ ನನಗೆ ಗೌರವವಿದೆ. ಉಳಿದವರಿಗೆ ಕೈ ಮುಗಿದು ಕೇಳ್ತೀನಿ, ಬೇಡ.

ನಿಜ ಹೇಳಬೇಕೆಂದರೆ ಅಪ್ಪನ ಗಾಡಿಯ ಬ್ರೇಕ್ ಕೆಟ್ಟಿತ್ತು, ಡ್ರಮ್ ಅನ್ನೋ ಜಾತಿ ಕೆಟ್ಟಿರಲಿಲ್ಲ. ಹತ್ತು ವರ್ಷ ಅದರ ಆಯಿಲ್ ಬದಲಿಸದೆ, ಶೂ ಟೈಟ್ ಮಾಡಿಸದೆ ಇದ್ದು, ಆಮೇಲೆ "ಹಳೇದು, ಸರಿಯಿಲ್ಲ" ಅಂದೆವು. ಯಾವುದನ್ನು ನೋಡಿಕೊಳ್ಳಲಿಲ್ಲವೋ ಅದನ್ನೇ ದೂರೋದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಕಾರಿನ ವಿಷಯದಲ್ಲಿ ಮಾತ್ರ ಅಲ್ಲ.

ಕೊನೆಗೆ ಏನಾಯ್ತು ಅಂತೀರಾ? ಹಳೇ ಡ್ರಮ್‌ಗಳನ್ನು ಗ್ಯಾರೇಜಿನವರು ಗುಜರಿಗೆ ಹಾಕ್ತೀವಿ ಅಂದಿದ್ದರು. ಅಪ್ಪ ಫೋನಿನಲ್ಲಿ "ಅದನ್ನ ತಗೊಂಡು ಬಾ" ಅಂದಿದ್ದಕ್ಕೆ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದೆ. ಶೂ, ಸ್ಪ್ರಿಂಗು, ಸಿಲಿಂಡರು ಸಮೇತ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಮೂಡಿಗೆರೆಯ ಹಳೇ ಮೆಕ್ಯಾನಿಕ್ ಒಬ್ಬರು ಎರಡು ದಿನದಲ್ಲಿ ಎಲ್ಲಾ ವಾಪಸು ಕೂರಿಸಿದರು. ಹೊಸ ಲೈನಿಂಗ್, ಹೊಸ ಹೋಸ್, ಹೊಸ ಆಯಿಲ್, ಕಿತ್ತುಹಾಕಿದ್ದ ವಾಲ್ವ್, ಕಟ್ಟಿಹಾಕಿದ್ದ ಹ್ಯಾಂಡ್‌ಬ್ರೇಕ್ ಕೇಬಲ್. ಡಿಸ್ಕಿಗೆ ಸುರಿದದ್ದರ ಕಾಲು ಭಾಗವೂ ಖರ್ಚಾಗಲಿಲ್ಲ. ಅದೇ ಖಾಲಿ ರಸ್ತೆಯಲ್ಲಿ ಮತ್ತೆ ಪರೀಕ್ಷೆ ಮಾಡಿದೆವು. ಮುಂದಿನ ಚಕ್ರ ಮೊದಲು ಬಿಗಿಯಿತು, ಗಾಡಿ ನೇರವಾಗಿ ನಿಂತಿತು. ಅಪ್ಪ ರಸ್ತೆ ಬದಿಯಿಂದ "ಹ್ಞೂಂ" ಅಂದರು, ಅಷ್ಟೇ.

ಹಿಂದಿನ ಮೂಲೆಯ ತಗ್ಗು ಮಾತ್ರ ಹಾಗೇ ಇದೆ. ರಿಪೇರಿ ಮಾಡಿಸೋಣ ಅಂದರೆ ಅಪ್ಪ ಬೇಡ ಅಂತಾರೆ. "ಇರಲಿ ಬಿಡು, ನಿಂಗೆ ನೆನಪಿರುತ್ತೆ."

ಫೋನ್ ಮಾಡಿದ್ದ ಗೆಳೆಯ ಇದನ್ನು ಓದುತ್ತಾನೆ ಅಂತ ಗೊತ್ತು. ಮಾರಾಯ, ಗ್ಯಾರೇಜಿಗೆ ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ, ಹೋಗಿ ಗಾಡಿ ಬಿಡಿಸಿಕೊಂಡು ಬಾ. ಉಳಿದವರು ಏನಂತೀರಿ? ನಿಮ್ಮ ಮನೆಯಲ್ಲೂ ಹಳೇ ಫಿಯೆಟ್ಟೋ ಅಂಬಾಸಿಡರ್ರೋ ಇದ್ದರೆ, ನನ್ನ ಮಾತು ತಪ್ಪು ಅನ್ನಿಸಿದರೆ, ಬೈದು ಬರೆಯಿರಿ. ಆದರೆ ಬೈಯುವ ಮೊದಲು ಒಂದು ಕೆಲಸ ಮಾಡಿ. ಒಣ ರಸ್ತೆಯಲ್ಲಿ, ಯಾರೂ ಇಲ್ಲದಾಗ, ಒಮ್ಮೆ ಜೋರಾಗಿ ಬ್ರೇಕ್ ಒತ್ತಿ, ಇಳಿದು ಬಂದು ಕರೀ ಗೆರೆ ಯಾವ ಚಕ್ರದ್ದು ಅಂತ ನೋಡಿ.